ಮಟ್ಟ ಮತ್ತು ಗುಣಮಟ್ಟ: ಒಂದು ಶಬ್ದವಿಚಾರ

ಸಂಶೋಧನ ಪ್ರಬಂಧಗಳ ಮೌಲ್ಯಮಾಪನ ವರದಿಗಳಲ್ಲಿ, ಪುಸ್ತಕ ವಿಮರ್ಶೆಗಳಲ್ಲಿ, ಅಧ್ಯಾಪಕರ ಸಭೆಗಳಲ್ಲಿ ಇಂದು ತಪ್ಪದೆ ಕಿವಿಗೆ ಬೀಳುವ ಮಾತು ‘ಗುಣಮಟ್ಟ’. ಗುಣಮಟ್ಟ ಕುಸಿಯಿತೆಂದು ಮರುಗುವವರು, ಅದನ್ನು ಹೆಚ್ಚಿಸಬೇಕೆಂದು ಕರೆಕೊಡುವವರು, ಅದು ಸಮಾಧಾನಕರವಾಗಿದೆಯೆಂದು ಪ್ರಮಾಣಪತ್ರ ನೀಡುವವರು ನಮ್ಮಲ್ಲಿ ಅನೇಕರು. ಈ ಸಾಲುಗಳನ್ನು ಬರೆಯುತ್ತಿರುವವನೂ ಎಷ್ಟೋ ವರದಿಗಳ ಕೊನೆಯಲ್ಲಿ ‘ಗುಣಮಟ್ಟ ಸಮಾಧಾನಕರ’ ಎಂದು ಬರೆದು ಸಹಿಮಾಡಿದವನೇ. ಆದರೆ ಯಾವುದಕ್ಕೆ ಹೋಲಿಸಿದರೆ ಸಮಾಧಾನಕರ ಎಂದು ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿರಲಿಲ್ಲ. ಈ ಶಬ್ದವನ್ನು ಬಿಡಿಸಿ ನೋಡಿದಾಗ ಆ ಪ್ರಶ್ನೆ ಶಬ್ದದ ಒಳಗೇ ಅಡಗಿರುವುದು ಕಾಣುತ್ತದೆ. ‘ಮಟ್ಟ’ ಎಂಬುದರ ಅರ್ಥ, ಮೂಲ, ಬಂಧುರೂಪಗಳು ಮತ್ತು ಅದು ಅಳತೆಯಿಂದ ಗುಣದ ಕಡೆಗೆ ಸರಿದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ.

1

ವಿಚಾರವನ್ನು ನಿಘಂಟಿನಿಂದ ಆರಂಭಿಸುವುದಕ್ಕಿಂತ ಒಂದು ಕಲ್ಲಿನಿಂದ ಆರಂಭಿಸುವುದು ಅನುಕೂಲ. ನಾಗಪುರ ನಗರದ ನಡುವೆ ‘ಜೀರೋ ಮೈಲ್’ ಎಂದು ಪ್ರಸಿದ್ಧವಾದ ಒಂದು ಕಲ್ಲಿನ ಕಂಬವಿದೆ. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಸಂಬಂಧಿಸಿದ, 1907ರ ಗುರುತುಕಲ್ಲು ಇಲ್ಲಿದೆ. ಹೈದರಾಬಾದು 318 ಮೈಲಿ, ರಾಯಪುರ 174 ಮೈಲಿ, ಜಬಲ್ಪುರ 170 ಮೈಲಿ ಎಂದು ಮುಂತಾಗಿ ಕಂಬದ ಮುಖಗಳಲ್ಲಿ ಕೆತ್ತಲಾಗಿದೆ. ಇದು ದೇಶದ ನಡುಬಿಂದುವೆಂಬ ಜನಪ್ರಿಯ ಭಾವನೆಯೂ ಇದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಈ ದೂರಗಳಲ್ಲ. ಕಂಬದ ತುದಿಯ ಎತ್ತರ. ಅದು ಸರಾಸರಿ ಸಮುದ್ರಮಟ್ಟದಿಂದ 1020.171 ಅಡಿ.

ಸಮುದ್ರವೇ ಕಾಣದ ನಾಗಪುರದಲ್ಲಿ ಸಮುದ್ರಮಟ್ಟ ಎಲ್ಲಿಂದ ಬಂತು? ಕಡಲಿನ ನೀರು ಎಂದೂ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ಭರತ ಇಳಿತಗಳಿಗೆ ಒಳಗಾಗಿರುತ್ತದೆ. ಆದ್ದರಿಂದ ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್ ಎಂಬ ಒಂಬತ್ತು ಕಡೆಗಳಲ್ಲಿ ನೀರಿನ ಏರಿಳಿತವನ್ನು ದೀರ್ಘಕಾಲ ಗುರುತಿಸಿ, ಅದರ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಒಳನಾಡಿನ ಎತ್ತರಗಳನ್ನು 1909ರಲ್ಲಿ ಒಟ್ಟಾಗಿ ಹೊಂದಿಸಲಾಯಿತು. ಕಾರವಾರದ ದಂಡೆಯಲ್ಲಿ ನೋಡಿದ ನೀರಿನ ಲೆಕ್ಕವೂ ಒಳನಾಡಿನ ಇಂಥ ಎತ್ತರಗಳ ಹಿಂದೆ ಇದೆ. ಸಮುದ್ರಮಟ್ಟವೆಂಬುದು ಪ್ರಕೃತಿ ಎಳೆದಿಟ್ಟ ಗೆರೆಯಲ್ಲ. ನೋಡಿ, ಲೆಕ್ಕ ಹಾಕಿ, ಒಪ್ಪಿಕೊಂಡು ನಿಲ್ಲಿಸಿದ ಗೆರೆ. ‘ಮಟ್ಟ’ ಎಂಬ ಶಬ್ದದ ಸ್ವಭಾವವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಈ ಅಳತೆಯ ಕಾರ್ಯಕ್ಕೂ ಕನ್ನಡನಾಡಿಗೂ ಹಳೆಯ ನಂಟಿದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಈ ಮಹಾಕಾರ್ಯವನ್ನು ಆರಂಭಿಸಿದನು. 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆಯಲಾಯಿತು. ಲ್ಯಾಂಬ್ಟನ್ ತೀರಿಕೊಂಡುದು 1823ರಲ್ಲಿ, ನಾಗಪುರದತ್ತ ಸಾಗುತ್ತಿದ್ದಾಗ, ವಾರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ.

ನಾಗಪುರದ ಮಾತಿನಲ್ಲಿ ಇನ್ನೊಂದು ಅಂಶ ಗಮನಾರ್ಹ. ನಾವು ಸಮುದ್ರಮಟ್ಟ ಎನ್ನುವುದನ್ನು ಮರಾಠಿಯವರು ‘ಸಮುದ್ರಸಪಾಟಿ’ ಎನ್ನುತ್ತಾರೆ; ನೀರಿನ ಮಟ್ಟಕ್ಕೆ ‘ಪಾತಳಿ’ ಎನ್ನುತ್ತಾರೆ; ಗುಣಮಟ್ಟಕ್ಕೆ ‘ದರ್ಜಾ’ ಅಥವಾ ‘ಗುಣವತ್ತಾ’ ಎನ್ನುತ್ತಾರೆ. ಮೂರು ಅರ್ಥಗಳಿಗೆ ಅಲ್ಲಿ ಬೇರೆ ಬೇರೆ ಶಬ್ದಗಳು ಬಳಕೆಯಲ್ಲಿದ್ದರೆ, ಕನ್ನಡವು ಮೂರನ್ನೂ ಒಂದೇ ಶಬ್ದದಲ್ಲಿ ಹಿಡಿದಿದೆ. ‘ದರ್ಜೆ’ ನಮಗೂ ಪರಿಚಿತವೇ. ಅರಬ್ಬಿ ಮೂಲದ ಆ ಶಬ್ದಕ್ಕೆ ಮೆಟ್ಟಿಲು ಎಂಬ ಅರ್ಥವಿದೆ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂದಾಗ ಒಂದರ ಮೇಲೊಂದಿರುವ ಮೆಟ್ಟಿಲುಗಳು ಕಣ್ಣಮುಂದೆ ಬರುತ್ತವೆ. ‘ಮಟ್ಟ’ ಮೆಟ್ಟಿಲಲ್ಲ, ಗೆರೆ. ಮೆಟ್ಟಿಲು ತಾನಾಗಿ ನಿಂತಿರುತ್ತದೆ. ಗೆರೆಯನ್ನು ಯಾರಾದರೂ ಎಳೆಯಬೇಕು.

2

ಈಗ ಶಬ್ದದ ಮೂಲವನ್ನು ಕುರಿತು. ‘ಮಟ್ಟ’, ‘ಮಟ್ಟು’ ಎಂಬ ರೂಪಗಳು ದಕ್ಷಿಣದ ಭಾಷೆಗಳಲ್ಲೆಲ್ಲ ಹರಡಿವೆ. ತಮಿಳಿನ ‘ಮಟ್ಟು’ ಎಂಬುದಕ್ಕೆ ಅಳತೆ, ಪ್ರಮಾಣ, ಎಲ್ಲೆ ಎಂಬ ಅರ್ಥಗಳಿದ್ದರೆ, ‘ಮಟ್ಟಂ’ ಎಂಬುದಕ್ಕೆ ಸಮತಲ, ಅಳತೆ ಎಂಬ ಅರ್ಥಗಳಿವೆ. ತೆಲುಗಿನಲ್ಲಿ ನೀರಿನ ಮಟ್ಟಕ್ಕೆ ‘ನೀಟಿ ಮಟ್ಟಂ’ ಎನ್ನುತ್ತಾರೆ. ‘ಮಟ್ಟು’ ಎಂದರೆ ಮಿತಿ. ‘ಇಂತಮಟ್ಟುಕು’ ಎಂಬುದು ನಮ್ಮ ‘ಇಷ್ಟರಮಟ್ಟಿಗೆ’ ಎಂಬುದಕ್ಕೆ ಸಮ. ಮಲಯಾಳದಲ್ಲಿ ಬಡಗಿಯ ಮೂಲೆಮಟ್ಟಕ್ಕೆ ‘ಮಟ್ಟಂ’ ಎಂದೇ ಹೆಸರು. ‘ಮಟ್ಟ್’ ಎಂದರೆ ರೀತಿ. ತುಳುವಿನಲ್ಲಿಯೂ ‘ಮಟ್ಟ’ ಉಂಟು.

ಈ ಶಬ್ದವನ್ನು ಸಂಸ್ಕೃತದ ‘ಮೃಷ್ಟ’, ಪ್ರಾಕೃತದ ‘ಮಟ್ಠ’ ಎಂಬ ರೂಪದೊಡನೆ ಜೋಡಿಸಬಹುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಪ್ರಾಕೃತ ಶಬ್ದಕ್ಕೆ ಉಜ್ಜಿ ನಯಗೊಳಿಸಿದುದು ಎಂಬ ಅರ್ಥವಿದೆ. ನಯವಾದುದು ಸಮತಟ್ಟಾಗಿಯೂ ಇರುತ್ತದೆಯಾದ್ದರಿಂದ ಕನ್ನಡದ ‘ಮಟ್ಟಸ’ದಂಥ ಶಬ್ದಕ್ಕೆ ಈ ಮೂಲ ಹೊಂದುವಂತೆ ತೋರಬಹುದು. ಆದರೆ ಉಜ್ಜುವ ಅರ್ಥದಿಂದ ಎಲ್ಲೆ, ಮಿತಿ, ‘ವರೆಗೆ’ ಎಂಬ ಅರ್ಥಗಳು ಹುಟ್ಟುವುದನ್ನು ವಿವರಿಸುವುದು ಕಷ್ಟ. ತಮಿಳು, ತೆಲುಗು, ಕನ್ನಡಗಳು ಮೂರರಲ್ಲೂ ಬಲವಾಗಿ ನೆಲೆಯೂರಿರುವುದು ಈ ಎಲ್ಲೆಯ ಅರ್ಥವೇ. ಎಲ್ಲೆಯಿಂದ ಆರಂಭಿಸಿದರೆ ಉಳಿದ ಅರ್ಥಗಳು ಸರಾಗವಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ‘ಮಟ್ಟ’ವನ್ನು ದೇಶ್ಯವೆಂದು ಪರಿಗಣಿಸುವುದೇ ಹೆಚ್ಚು ಯುಕ್ತ.

ಇಂಥ ತುಲನೆಗೆ ನೆರವಾಗುವ ಬರೋ ಮತ್ತು ಎಮಿನೋ ಅವರ ದ್ರಾವಿಡ ಜ್ಞಾತಿಪದಕೋಶ 1961ರಲ್ಲಿ ಹೊರಬಂದಿತು. ಪರಿಷ್ಕೃತ ಆವೃತ್ತಿ 1984ರಲ್ಲಿ ಬಂದಿತು. ಅದಕ್ಕೆ ಮುನ್ನ 1955ರಲ್ಲಿ ಎಮಿನೋ ಪ್ರಕಟಿಸಿದ ಗ್ರಂಥ ವಾರ್ಧಾ, ಯವತಮಾಳಗಳ ಕಡೆ ಆಡುವ ಕೊಲಾಮಿ ಭಾಷೆಯನ್ನು ಕುರಿತದ್ದು. ನಾಗಪುರವು 18ನೆಯ ಶತಮಾನದ ಆರಂಭದಲ್ಲಿ ಗೊಂಡ ಅರಸ ಬಖ್ತ್ ಬುಲಂದನ ಕಾಲದಲ್ಲಿ ನಗರವಾಗಿ ಬೆಳೆಯಿತು. ಗೊಂಡಿಯೂ ದ್ರಾವಿಡ ವರ್ಗದ ಭಾಷೆಯೇ. ವಿದರ್ಭವನ್ನು ಮರಾಠಿಯ ಪ್ರದೇಶವೆಂದಷ್ಟೇ ಕಾಣುವ ಕನ್ನಡ ವಿದ್ಯಾರ್ಥಿಗಳು ಈ ಹಿನ್ನೆಲೆಯನ್ನು ಮರೆಯಬಾರದು.

3

ಕನ್ನಡದಲ್ಲಿ ‘ಮಟ್ಟ’ದ ಬಳಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅರ್ಥವಿಕಾಸದ ಹಂತಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು ಎಲ್ಲೆ. ‘ನನ್ನ ಮಟ್ಟಿಗೆ’, ‘ಸದ್ಯದ ಮಟ್ಟಿಗೆ’, ‘ಎಷ್ಟರ ಮಟ್ಟಿಗೆ’ ಎಂಬ ಪ್ರಯೋಗಗಳಲ್ಲಿ ಎತ್ತರದ ಭಾವವೇ ಇಲ್ಲ. ಒಂದು ಮಾತು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಮಾತ್ರ ಅವು ಹೇಳುತ್ತವೆ.

ಎರಡನೆಯದು ಎತ್ತರ. ‘ಎದೆಮಟ್ಟ ನೀರು’, ‘ಮೊಣಕಾಲುಮಟ್ಟ ಕೆಸರು’ ಎಂದಾಗ ನೀರಿನ ಎಲ್ಲೆಯೇ ಎತ್ತರವಾಗಿದೆ. ಎಲ್ಲೆಯಿಂದ ಎತ್ತರಕ್ಕೆ ಅರ್ಥ ದಾಟಿದ ಸಂಧಿಸ್ಥಾನವೇ ಇದು. ಇಲ್ಲಿ ಅಳತೆಗೋಲು ಹೊಳೆ ದಾಟುವವನ ಮೈಯೇ. ಎತ್ತರದವನಿಗೆ ಎದೆಮಟ್ಟವಾದ ನೀರು ಕುಳ್ಳನಿಗೆ ಕುತ್ತಿಗೆಮಟ್ಟ. ನೀರು ಮಾತ್ರ ಅಷ್ಟೇ ಇದೆ.

ಮೂರನೆಯದು ಸಮತೆ. ಗದ್ದೆಯನ್ನು ಮಟ್ಟಮಾಡುವುದು, ಮಟ್ಟಸವಾದ ನೆಲ, ಮಟ್ಟಸವಾದ ಮೈಕಟ್ಟು ಎಂಬಿವು ಈ ಅರ್ಥದವು. ಬಡಗಿಗಳ, ಗಾರೆ ಕೆಲಸದವರ ‘ಮೂಲೆಮಟ್ಟ’, ‘ರಸಮಟ್ಟ’ಗಳು ಈ ಗುಂಪಿಗೆ ಸೇರುತ್ತವೆ. ರಸಮಟ್ಟವಿಲ್ಲದ ಕಡೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಅದರ ಎರಡು ತುದಿಗಳನ್ನು ಎರಡು ಗೋಡೆಗಳಿಗೆ ಹಿಡಿದು ಗುರುತು ಹಾಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದೇ ತುದಿಯನ್ನು ಹಿಡಿದು ಮಟ್ಟ ನೋಡಲಾಗದು. ಈ ಗೋಡೆ ಆ ಗೋಡೆಗೆ ಸಮವೇ ಎಂಬುದು ಎರಡನ್ನೂ ಒಟ್ಟಿಗೆ ನೋಡಿದಾಗಲೇ ತಿಳಿಯುವುದು.

ನಾಲ್ಕನೆಯದು ಮಾದರಿ. ಯಕ್ಷಗಾನ ಪ್ರಸಂಗಗಳ ಪದ್ಯಗಳಿಗೆ ಸಂಬಂಧಿಸಿದಂತೆ ‘ಮಟ್ಟು’ ಎಂಬ ಶಬ್ದ ರೂಢಿಯಲ್ಲಿದೆ. ಪದ್ಯದ ಬಂಧ ಮತ್ತು ಅದನ್ನು ಹಾಡುವ ಧಾಟಿ ಎರಡನ್ನೂ ಅದು ಒಳಗೊಳ್ಳುತ್ತದೆ. ವೃತ್ತಿನಾಟಕಗಳ ಹಾಡಿನ ಪುಸ್ತಕಗಳಲ್ಲಿಯೂ ಜನರಿಗೆ ಪರಿಚಿತವಾದ ಹಾಡೊಂದರ ಮಟ್ಟನ್ನು ಸೂಚಿಸುವ ಪದ್ಧತಿಯಿತ್ತು. ಮರಾಠಿ ಸಂಗೀತ ನಾಟಕಗಳಲ್ಲಿ ಇದೇ ಕೆಲಸಕ್ಕೆ ‘ಚಾಲ್’ ಎಂಬ ಶಬ್ದ ಬಳಕೆಯಾಯಿತು. ಹೊಸ ಹಾಡನ್ನು ಬಲ್ಲ ಹಾಡಿನ ಪಕ್ಕದಲ್ಲಿಟ್ಟು ಅಳೆಯುವುದೇ ಮಟ್ಟು.

ಐದನೆಯದಕ್ಕೆ ಕಹಿ ಮುಖವಿದೆ. ‘ಮಟ್ಟಹಾಕು’ ಎಂದರೆ ತಲೆಯೆತ್ತದಂತೆ ಅಡಗಿಸು. ತೆಲುಗಿನ ‘ಮಟ್ಟುಪೆಟ್ಟು’ ಇದರ ಸೋದರ. ತಮಿಳಿನಲ್ಲಿ ‘ಮಟ್ಟಮಾನ’ ಎಂದರೆ ಕೀಳು ತರದ್ದು ಎಂದರ್ಥ. ಕುಳ್ಳು ಕುದುರೆಗೆ ‘ಮಟ್ಟಕ್ಕುದಿರೈ’ ಎಂಬ ಹೆಸರಿದೆ. ಕನ್ನಡಿಗನು ‘ಮಟ್ಟದ ಬರೆಹ’ ಎಂದು ಮೆಚ್ಚಿಕೊಂಡರೆ ತಮಿಳರ ಕಿವಿಗೆ ಅದು ನಿಂದೆಯಾಗಿ ಕೇಳೀತು. ಶಬ್ದದಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆದುದರಿಂದಲೇ ಕನ್ನಡದಲ್ಲಿ ಅದಕ್ಕೆ ‘ಮೇಲ್’, ‘ಕೀಳು’, ‘ಉನ್ನತ’ ಎಂಬ ವಿಶೇಷಣಗಳ ಆಸರೆ ಬೇಕಾಗುತ್ತದೆ.

4

ಅಳತೆಯ ಶಬ್ದ ಗುಣವಾಚಿಯಾಗುವುದು ‘ಮಟ್ಟ’ಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ‘ಅಳೆ’ ಧಾತುವಿನಿಂದ ಬಂದ ‘ಅಳವು’ ಹಳಗನ್ನಡದಲ್ಲಿ ಅಳತೆಯೂ ಹೌದು, ಶಕ್ತಿ ಸಾಮರ್ಥ್ಯಗಳೂ ಹೌದು. ಅದಕ್ಕೆ ‘ಪಡು’ ಸೇರಿ ‘ಅಳವಡು’ ಆಯಿತು. ಅಳತೆಗೆ ಸರಿಹೊಂದಿದುದು ಯೋಗ್ಯವಾದುದೆನಿಸಿತು. ‘ಪವಣ್’ ಎಂಬುದೂ ಅಳತೆಯೇ. ಅದರ ಹೊಸರೂಪವಾದ ‘ಹವಣು’ ಶಕ್ತಿಯನ್ನೂ ಸಿದ್ಧತೆಯನ್ನೂ ಸೂಚಿಸುತ್ತದೆ. ‘ಹವಣಿಸು’ ಎಂಬ ಕ್ರಿಯಾಪದ ಅಲ್ಲಿಂದ ಬಂದುದು. ‘ಮಾನ’ದ ಕಥೆ ತುಸು ಬೇರೆ. ಅಳತೆಯೆಂಬ ಅರ್ಥದ ‘ಮಾನ’ ಮತ್ತು ಗೌರವವೆಂಬ ಅರ್ಥದ ‘ಮಾನ’ ಸಂಸ್ಕೃತದಲ್ಲಿ ಎರಡು ಬೇರೆ ಧಾತುಗಳಿಂದ ಹುಟ್ಟಿದವು. ಕನ್ನಡದ ಕಿವಿಗೆ ಅವು ಒಂದೇ ಶಬ್ದವಾಗಿ ಕೇಳುತ್ತವೆ. ಮಾನ ತಪ್ಪಿದ ಕೊಳಗದಿಂದ ಅಳೆದವನ ಮಾನವೂ ಹೋಗುತ್ತದೆಂಬ ಭಾವ ವ್ಯುತ್ಪತ್ತಿಯಲ್ಲಿ ಇಲ್ಲದಿದ್ದರೂ ವ್ಯವಹಾರದಲ್ಲಿ ಇದೆ.

ಹೊರಗಿನ ಭಾಷೆಗಳಲ್ಲಿಯೂ ಈ ಪ್ರವೃತ್ತಿ ಕಾಣುತ್ತದೆ. ಸರ್ವೇಕ್ಷಕರು ಎತ್ತರವನ್ನು ದಾಖಲಿಸಲು ಕಲ್ಲಿನಲ್ಲಿ ಕೊರೆಯುವ ಗೆರೆಗೆ ಇಂಗ್ಲಿಷಿನಲ್ಲಿ ‘ಬೆಂಚ್ ಮಾರ್ಕ್’ ಎಂದು ಹೆಸರು. ಆ ಶಬ್ದ ಇಂದು ಯಾವುದೇ ಗುಣವನ್ನು ಹೋಲಿಸಿ ನೋಡುವ ಆದರ್ಶಕ್ಕೆ ಸಲ್ಲುತ್ತಿದೆ. ‘ಕ್ವಾಲಿಟಿ’ಯ ಮೂಲವಾದ ಲ್ಯಾಟಿನ್ ಶಬ್ದವನ್ನು ಸಿಸೆರೋ ಗ್ರೀಕಿನ ಮಾದರಿಯಲ್ಲಿ ಟಂಕಿಸಿದಾಗ ಅದರ ಅರ್ಥ ‘ಎಂಥದು ಎಂಬುದರ ಭಾವ’ ಎಂದಷ್ಟೇ ಇದ್ದಿತು. ಒಳಿತೆಂಬ ಅರ್ಥ ಅನಂತರ ಅದಕ್ಕೆ ಅಂಟಿಕೊಂಡಿತು.

ನಮ್ಮ ‘ಗುಣ’ವೂ ಹಾಗೆಯೇ. ಸಂಸ್ಕೃತದಲ್ಲಿ ಗುಣವೆಂದರೆ ಎಳೆ, ಹಗ್ಗದ ಹುರಿ, ಬಿಲ್ಲಿನ ಹೆದೆ. ಎರಡು ಎಳೆಯದು ದ್ವಿಗುಣ, ಮೂರು ಎಳೆಯದು ತ್ರಿಗುಣ. ಎಳೆಗಳ ಎಣಿಕೆಯಿಂದ ಗುಣಾಕಾರದ ‘ಗುಣ’ ಬಂದಿತು; ಕನ್ನಡದ ‘ಮಡಿ’ ಮಡಿಕೆಯಿಂದ ಇಮ್ಮಡಿ, ಮುಮ್ಮಡಿಗಳಿಗೆ ಸಾಗಿದ ದಾರಿಯೂ ಇದೇ. ವಸ್ತುವಿನ ಸ್ವಭಾವವೆಂಬ ಅರ್ಥವೂ, ಸದ್ಗುಣವೆಂಬ ಅರ್ಥವೂ ಅದೇ ಶಬ್ದಕ್ಕೆ ಸೇರಿಕೊಂಡವು. ಹೀಗೆ ‘ಗುಣಮಟ್ಟ’ದ ಎರಡು ಭಾಗಗಳಲ್ಲೂ ಅಳತೆ ಅಡಗಿದೆ. ಒಂದರಲ್ಲಿ ಎಣಿಸುವ ಎಳೆಯಿದೆ, ಇನ್ನೊಂದರಲ್ಲಿ ನಿಲ್ಲಿಸುವ ಗೆರೆಯಿದೆ.

5

ವ್ಯಾಕರಣದ ದೃಷ್ಟಿಯಿಂದ ‘ಗುಣಮಟ್ಟ’ ಅರಿಸಮಾಸ. ಸಂಸ್ಕೃತ ಶಬ್ದಕ್ಕೆ ಕನ್ನಡ ಶಬ್ದವನ್ನು ಸಮಾಸದಲ್ಲಿ ಬೆರಸಬಾರದೆಂಬುದು ಪೂರ್ವವ್ಯಾಕರಣಕಾರರ ವಿಧಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ನಿಯಮಿಸಿ, ಪೂರ್ವಕವಿಗಳ ಪ್ರಯೋಗವಿರುವ ಕಡೆ ವಿನಾಯಿತಿ ನೀಡಿದ್ದಾನೆ. ಎರಡು ಭಾಷೆಗಳ ಬೆರಕೆಯನ್ನು ನಯಸೇನನು ತುಪ್ಪ ಮತ್ತು ಎಣ್ಣೆಗಳ ಬೆರಕೆಗೆ ಹೋಲಿಸಿದುದು ಪ್ರಸಿದ್ಧವಾಗಿದೆ. ಆದರೂ ಲೋಕರೂಢಿಯು ‘ಗುಣಮಟ್ಟ’, ‘ಜೀವನಮಟ್ಟ’ಗಳನ್ನು ನಿಸ್ಸಂಕೋಚವಾಗಿ ಸ್ವೀಕರಿಸಿತು. ಈ ಬೆರಕೆಯನ್ನು ಇಂದು ಆಕ್ಷೇಪಿಸುವುದು ವ್ಯರ್ಥ.

ತುಪ್ಪದ ಮಾತು ಬಂದುದರಿಂದ ಮತ್ತೆ ನಾಗಪುರವನ್ನು ನೆನೆಯಬೇಕಾಗಿದೆ. ಕೃಷಿ ಉತ್ಪನ್ನಗಳ ವರ್ಗೀಕರಣ ಮತ್ತು ಗುರುತು ಹಾಕುವಿಕೆಯ ಕಾಯಿದೆ ಬಂದುದು 1937ರಲ್ಲಿ. ಅದರ ಫಲವಾದ ‘ಅಗ್‌ಮಾರ್ಕ್’ ಮುದ್ರೆಯನ್ನು ತುಪ್ಪ, ಜೇನುತುಪ್ಪ, ಸಾಂಬಾರ ಪುಡಿಗಳ ಮೇಲೆ ನಾವೆಲ್ಲ ಕಂಡಿದ್ದೇವೆ. ಈ ವ್ಯವಸ್ಥೆಯ ಕೇಂದ್ರ ಪ್ರಯೋಗಾಲಯವಿರುವುದು ನಾಗಪುರದಲ್ಲಿ. ತುಪ್ಪಕ್ಕೆ ವನಸ್ಪತಿ ಬೆರೆತಿದೆಯೇ ಎಂದು ತಿಳಿಯಲು ರಸಾಯನಜ್ಞರು ಬಳಸುವ ಬೌಡೂಯಿನ್ ಪರೀಕ್ಷೆ ಎಳ್ಳೆಣ್ಣೆಯ ಅಂಶವನ್ನು ಬಣ್ಣದಿಂದ ತೋರಿಸುತ್ತದೆ. ಬೆರಕೆ ಬಯಲಾಗಲೆಂದೇ ವನಸ್ಪತಿಗೆ ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ಬಂದಿತು. ನಯಸೇನನ ಉಪಮೆ ಪ್ರಯೋಗಾಲಯದ ವಿಷಯವೂ ಆದುದು ಸ್ವಾರಸ್ಯವಾಗಿದೆ. ಇಲ್ಲಿ ಗಮನಿಸಬೇಕಾದುದು, ಪರೀಕ್ಷಕನು ತುಪ್ಪ ಒಳ್ಳೆಯದೆಂದು ಹೇಳುವ ಮುನ್ನ ಯಾವ ಅಂಶ ಎಷ್ಟಿರಬೇಕೆಂಬುದು ಲಿಖಿತವಾಗಿ ನಿಗದಿಯಾಗಿರುತ್ತದೆ ಎಂಬುದನ್ನು. ಗೆರೆ ಮೊದಲು, ತೀರ್ಪು ಆಮೇಲೆ.

6

ಗೆರೆಯನ್ನು ಹೇಳದೆ ಮಟ್ಟವನ್ನು ಹೇಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಜಲಾಶಯಗಳೇ ನಿದರ್ಶನ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಆಲಮಟ್ಟಿಯದು 519.60 ಮೀಟರು ಎಂದು ಓದುತ್ತೇವೆ. ಸಂಖ್ಯೆಗಳನ್ನಷ್ಟೇ ನೋಡಿದವನು ಆಲಮಟ್ಟಿಯ ಕಟ್ಟೆ ಹತ್ತಾರು ಪಟ್ಟು ಎತ್ತರವೆಂದು ಭ್ರಮಿಸಿಯಾನು. ಆಲಮಟ್ಟಿಯದನ್ನು ಸಮುದ್ರಮಟ್ಟದಿಂದ ಎಣಿಸಲಾಗಿದೆ. ಕೃಷ್ಣರಾಜಸಾಗರದ್ದು ಆ ಕಟ್ಟೆಗೇ ಸೇರಿದ ಅಳತೆಪಟ್ಟಿಯ ಲೆಕ್ಕ. ಎರಡೂ ನಿಜ, ಆಧಾರಗಳು ಬೇರೆ.

ನಮ್ಮ ಶಾಸನಗಳನ್ನು ಬರೆದವರು ಈ ಎಚ್ಚರವನ್ನು ಬಲ್ಲವರಾಗಿದ್ದರು. ಭೂದಾನವನ್ನು ಹೇಳುವಾಗ ಇಷ್ಟು ಮತ್ತರು ಎಂದು ಬಿಡದೆ, ಯಾವ ಕೋಲಿನಿಂದ ಅಳೆದ ಮತ್ತರು ಎಂಬುದನ್ನೂ ಅವರು ಹಲವೆಡೆ ನಮೂದಿಸುತ್ತಾರೆ. ಬಳ್ಳಿಗಾವೆಯ ಶಾಸನಗಳ ‘ಭೇರುಂಡ ಗಳೆ’ ಅಂಥ ಹೆಸರುಗಳಲ್ಲೊಂದು. ಕೋಲಿನ ಹೆಸರಿಲ್ಲದ ಮತ್ತರು ಮುಂದೆ ವ್ಯಾಜ್ಯಕ್ಕೆ ದಾರಿಯಾಗುತ್ತದೆಂಬುದು ಅವರಿಗೆ ತಿಳಿದಿತ್ತು.

ಭಾಷೆಯ ಗುಣವನ್ನು ಕುರಿತು ಕವಿರಾಜಮಾರ್ಗವು ತೋರಿದ ಕ್ರಮವೂ ಇಂಥದೇ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಮೊದಲು ಗುರುತಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಕನ್ನಡವನ್ನು ತಿರುಳೆಂದು ಅದು ಹೆಸರಿಸುತ್ತದೆ. ಕನ್ನಡಗಳು ಹಲವಿವೆಯೆಂಬ ಅರಿವೂ ಅಲ್ಲಿದೆ. ಕಾವ್ಯದ ಭಾಷೆಯನ್ನು ತೂಗುವ ಮುನ್ನ ತಾನು ಹಿಡಿದ ಕೋಲು ಯಾವುದೆಂದು ಶ್ರೀವಿಜಯ ತಿಳಿಸಿದ್ದಾನೆ. ಅವನು ಎಳೆದ ಗೆರೆಯೂ ಕನ್ನಡವನ್ನು ಕಟ್ಟಿಹಾಕಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಂಸ್ಕೃತ ತಾಮ್ರಪಟ ದೊರೆತುದು ವಾರ್ಧಾ ಜಿಲ್ಲೆಯ ದೇವಳಿಯಲ್ಲಿ; ಅದರ ಕಾಲ ಕ್ರಿ.ಶ. 940. ಅವನ ಕನ್ನಡ ಶಾಸನವೇ ನಾಗಪುರವನ್ನೂ ದಾಟಿ, ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾದಲ್ಲಿ ದೊರೆತಿದೆ.

ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗುಣಮಟ್ಟವೆಂಬುದು ಕಡತದ ಶಬ್ದವೂ ಆಗಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಾಂಕನಕ್ಕೆಂದು 1994ರಲ್ಲಿ ರಾಷ್ಟ್ರೀಯ ಪರಿಷತ್ತು ಸ್ಥಾಪನೆಗೊಂಡ ಮೇಲೆ ಈ ಮಾತು ವಿಭಾಗ ವಿಭಾಗಗಳಲ್ಲಿಯೂ ನೆಲೆಗೊಂಡಿತು. ಅಂಥ ಸಂಸ್ಥೆಗಳು ತಮ್ಮ ಮಾನದಂಡಗಳನ್ನು ಪ್ರಕಟಿಸುತ್ತವೆ. ಅವನ್ನು ಒಪ್ಪಬಹುದು, ಟೀಕಿಸಬಹುದು. ಕನ್ನಡದ ಪರೀಕ್ಷಕರಾದ ನಾವು ಮಾತ್ರ ಅನೇಕ ವೇಳೆ ನಮ್ಮ ಕೋಲನ್ನು ಬೆನ್ನ ಹಿಂದೆ ಹಿಡಿದಿರುತ್ತೇವೆ. ಕ್ಷೇತ್ರಕಾರ್ಯದಿಂದ ಸಾವಿರ ಗಾದೆಗಳನ್ನು ಕೂಡಿಸಿದ ಪ್ರಬಂಧವನ್ನು ಒಬ್ಬರು ಉತ್ತಮವೆನ್ನುತ್ತಾರೆ, ಇನ್ನೊಬ್ಬರು ಮಟ್ಟಕ್ಕೆ ಏರಿಲ್ಲವೆನ್ನುತ್ತಾರೆ. ಮೊದಲನೆಯವರು ಸಂಗ್ರಹದ ಕೋಲಿನಿಂದ, ಎರಡನೆಯವರು ಸಿದ್ಧಾಂತದ ಕೋಲಿನಿಂದ ಅಳೆದಿದ್ದಾರೆ. ಇಬ್ಬರೂ ಅದನ್ನು ಬರೆದಿಲ್ಲವಾದ್ದರಿಂದ ವಿದ್ಯಾರ್ಥಿಗೆ ಉಳಿಯುವುದು ಗೊಂದಲ ಮಾತ್ರ.

ಹೊರನಾಡ ಕನ್ನಡದ ವಿಷಯದಲ್ಲಿ ಈ ದೋಷ ಇನ್ನೂ ನೋವುಂಟುಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಅಥವಾ ನಾಗಪುರದ ಕನ್ನಡ ಮನೆಯ ಹುಡುಗನ ಮಾತಿನಲ್ಲಿ ಮರಾಠಿ ಶಬ್ದಗಳು ಸುಳಿದರೆ, ಕಾಸರಗೋಡಿನ ಹುಡುಗಿಯ ಮಾತಿನಲ್ಲಿ ಮಲಯಾಳದ ರಾಗ ಕೇಳಿದರೆ, ಅವರ ಕನ್ನಡದ ಮಟ್ಟ ಕಡಿಮೆಯೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಪಠ್ಯಪುಸ್ತಕದ ಕನ್ನಡವನ್ನು ಆಧಾರವಾಗಿಟ್ಟು ಹೇಳಿದ ಮಾತಾದರೆ ಅದನ್ನು ಹಾಗೆಂದೇ ಹೇಳಬೇಕು. ಸುತ್ತಲೂ ಬೇರೆ ಭಾಷೆಯಿರುವ ಕಡೆ ಮನೆಮಾತನ್ನು ಎಷ್ಟು ತಲೆಮಾರು ಉಳಿಸಿಕೊಂಡರು ಎಂಬುದನ್ನು ಆಧಾರವಾಗಿಟ್ಟರೆ ಅದೇ ಮಕ್ಕಳು ಬೇರೆಯೇ ಎತ್ತರದಲ್ಲಿ ಕಂಡಾರು. ಆಧಾರವನ್ನು ಮುಚ್ಚಿಟ್ಟು ಹೇಳುವ ‘ಮಟ್ಟ’ ಬಹುಬೇಗ ‘ಮಟ್ಟಹಾಕುವುದು’ ಆಗುತ್ತದೆ. ಎರಡು ಅರ್ಥಗಳೂ ಒಂದೇ ಶಬ್ದದಲ್ಲಿವೆಯೆಂಬುದನ್ನು ಮರೆಯಲಾಗದು.

ಒಟ್ಟಿನಲ್ಲಿ, ‘ಮಟ್ಟ’ವೆಂಬುದು ಎಲ್ಲೆಯನ್ನು ಸೂಚಿಸುವ ದೇಶ್ಯಶಬ್ದವಾಗಿದ್ದು, ಎತ್ತರ, ಸಮತೆ, ಮಾದರಿ ಎಂಬ ಅರ್ಥಗಳ ಮೂಲಕ ಗುಣದ ಅಳತೆಯಾಗಿ ಬೆಳೆದಿದೆಯೆಂದು ಹೇಳಬಹುದು. ಈ ಎಲ್ಲ ಹಂತಗಳಲ್ಲಿಯೂ ಅದು ಎರಡು ವಸ್ತುಗಳ ಸಂಬಂಧವನ್ನೇ ಹೇಳುತ್ತದೆ. ಒಂದೇ ವಸ್ತುವಿನ ಒಳಗಿರುವ ಸತ್ತ್ವವನ್ನಲ್ಲ. ನಾಗಪುರದ ಕಂಬದ ಎತ್ತರವನ್ನು ಹೇಳುವಾಗ ಯಾವುದರಿಂದ ಎಣಿಸಿದ ಎತ್ತರ ಎಂಬುದನ್ನೂ ಜೊತೆಗೇ ಹೇಳಲಾಗುತ್ತದೆ. ಗುಣಮಟ್ಟವನ್ನು ಕುರಿತು ವರದಿ ಬರೆಯುವ ನಾವು ಅಷ್ಟನ್ನಾದರೂ ಪಾಲಿಸಬೇಕು. ಇನ್ನು ಮುಂದೆ ‘ಗುಣಮಟ್ಟ ಸಮಾಧಾನಕರ’ ಎಂದು ಬರೆಯುವ ಮುನ್ನ ಯಾವುದಕ್ಕೆ ಹೋಲಿಸಿ ಎಂಬ ಒಂದು ಸಾಲನ್ನು ಸೇರಿಸುವುದು ಈ ಲೇಖಕನ ಸಂಕಲ್ಪ. ವಿಭಾಗದ ಕಿರಿಯ ಮಿತ್ರರಲ್ಲಿ ಮಾಡುವ ಬಿನ್ನಹವೂ ಅದೇ.